ಜಿಪಿಎಸ್ ಕೆಡಿಸುವವರಿಗೆ ಏನು ಲಾಭ?

[ತೆರೆ: ಬಾಲ್ಟಿಕ್ ಸಮುದ್ರದ ನಕ್ಷೆ. ಹೆಲ್ಸಿಂಕಿಯಿಂದ ಹೊರಟ ಗೆರೆ ತಾರ್ತು ತನಕ ಹೋಗಿ, ಊರು ಮುಟ್ಟದೆ ವಾಪಸ್ ತಿರುಗುತ್ತದೆ.]

2024ರ ಏಪ್ರಿಲ್. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಹೊರಟ ಫಿನ್‌ಏರ್ ವಿಮಾನ ಎಸ್ಟೋನಿಯಾದ ತಾರ್ತು ಹತ್ತಿರ ಬಂದು, ಇಳಿಯಲಾಗದೆ ವಾಪಸ್ ಹೋಯಿತು. ಅದರ ಹಿಂದೆಯೇ ಇನ್ನೊಂದು ವಿಮಾನದ್ದೂ ಅದೇ ಕಥೆ. ವಿಮಾನದಲ್ಲಿ ಏನೂ ತೊಂದರೆ ಇರಲಿಲ್ಲ. ಜಿಪಿಎಸ್ ಸಿಗ್ನಲ್ ಸಿಗಲಿಲ್ಲ, ಅಷ್ಟೇ. ದೊಡ್ಡ ನಿಲ್ದಾಣಗಳಲ್ಲಿ ಜಿಪಿಎಸ್ ಇಲ್ಲದೆಯೂ ಇಳಿಯುವ ಬೇರೆ ವ್ಯವಸ್ಥೆ ಇರುತ್ತದೆ. ತಾರ್ತುವಿನಲ್ಲಿ ಆಗ ಬಳಕೆಯಲ್ಲಿದ್ದ ಕ್ರಮ ಜಿಪಿಎಸ್ ಅನ್ನೇ ನಂಬಿತ್ತು. ಫಿನ್‌ಏರ್ ಒಂದು ತಿಂಗಳು ಆ ಊರಿಗೆ ಹಾರಾಟವನ್ನೇ ನಿಲ್ಲಿಸಿತು. ನೆಲದ ರೇಡಿಯೋ ಸಾಧನ ನಂಬಿ ಇಳಿಯುವ ಕ್ರಮ ತಯಾರಾದ ಮೇಲೆ, ಜೂನ್‌ನಲ್ಲಿ ಮತ್ತೆ ಶುರು. ಎಸ್ಟೋನಿಯಾ ಸರ್ಕಾರ ಬೆರಳು ತೋರಿಸಿದ್ದು ರಷ್ಯಾದ ಕಡೆಗೆ.

[ನಿರೂಪಕ, ಸೋಗಾನೆ ರಸ್ತೆಯಲ್ಲಿ. ಹಿಂದೆ ಶಿವಮೊಗ್ಗ ವಿಮಾನ ನಿಲ್ದಾಣ.]

ನಮಸ್ಕಾರ. ಶಿವಮೊಗ್ಗಕ್ಕೆ ಪ್ರಯಾಣಿಕರ ವಿಮಾನ ಬರೋಕೆ ಶುರುವಾಗಿದ್ದು 2023ರ ಆಗಸ್ಟ್ 31ರಂದು. ಆಮೇಲೆ ಇಲ್ಲೂ ವಿಮಾನ ಇಳಿಯದೆ ವಾಪಸ್ ಹೋದದ್ದುಂಟು. ಅದು ಮಲೆನಾಡಿನ ಮೋಡದ ಕೆಲಸ, ಯಾರನ್ನೂ ಬೈಯುವ ಹಾಗಿಲ್ಲ. ತಾರ್ತುವಿನಲ್ಲಿ ಆದದ್ದು ಮನುಷ್ಯರ ಕೆಲಸ. ನೂರಾರು ಜನ ಕೂತಿರುವ ವಿಮಾನಗಳ ದಾರಿಗೆ ಅಡ್ಡ ಹಾಕಿ ಒಂದು ದೇಶಕ್ಕೆ ಸಿಗುವುದಾದರೂ ಏನು? ಇವತ್ತಿನ ವಿಷಯ ಇದೇ.

ಮೊದಲು ಇದು ಇಷ್ಟು ಸುಲಭ ಯಾಕೆ ಅಂತ ನೋಡೋಣ.

ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಒಂದೊಂದರಲ್ಲೂ ಪರಮಾಣು ಗಡಿಯಾರ. "ನಾನು ಇಂಥ ಉಪಗ್ರಹ, ಈಗ ಸಮಯ ಇಷ್ಟು" ಅಂತ ಅವು ಹೇಳುತ್ತಲೇ ಇರುತ್ತವೆ. ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ, ಯಾವುದು ಎಷ್ಟು ತಡವಾಗಿ ತಲುಪಿತು ಅನ್ನೋದರ ಮೇಲೆ ಫೋನ್ ತಾನಿರುವ ಜಾಗ ಲೆಕ್ಕ ಹಾಕುತ್ತದೆ. ಸಮಯದಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ.

ಈಗ ಅದರ ಬಲ ಕೇಳಿ. ಉಪಗ್ರಹದ ಟ್ರಾನ್ಸ್‌ಮಿಟರ್‌ನದು ಬರೀ ಕೆಲವು ಹತ್ತು ವಾಟ್. ಅದು ನೆಲ ಮುಟ್ಟುವ ಹೊತ್ತಿಗೆ ಎಷ್ಟು ಉಳಿಯುತ್ತದೆ? ಒಂದು ವಾಟನ್ನು ಕೋಟಿ ಪಾಲು ಮಾಡಿ. ಅದರಲ್ಲೊಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿ. ಅದರಲ್ಲೊಂದನ್ನು ಇನ್ನೊಮ್ಮೆ ನೂರು ಪಾಲು ಮಾಡಿ. ಹೆಚ್ಚುಕಡಿಮೆ ಅಷ್ಟು. ಇದು ಬರುವ ತರಂಗಾಂತರ 1575.42 ಮೆಗಾಹರ್ಟ್ಸ್, ಅದೇನು ಗುಟ್ಟಲ್ಲ. ಅದೇ ತರಂಗಾಂತರದಲ್ಲಿ ನೆಲದಿಂದ ಸ್ವಲ್ಪ ಜೋರಾಗಿ ಗದ್ದಲ ಹಾಕಿದರೆ ಮುಗಿಯಿತು. ಉಪಗ್ರಹದ ಮಾತು ಕೇಳಿಸುವುದಿಲ್ಲ. ಇದೇ ಜಾಮಿಂಗ್.

2012ರಲ್ಲಿ ಅಮೆರಿಕದ ನೂವಾರ್ಕ್ ವಿಮಾನ ನಿಲ್ದಾಣದ ಪಕ್ಕ ಒಬ್ಬ ಡ್ರೈವರ್ ಸಿಕ್ಕಿಬಿದ್ದ. ಕಂಪನಿಯವರಿಗೆ ತನ್ನ ಗಾಡಿ ಎಲ್ಲಿದೆ ಅಂತ ಗೊತ್ತಾಗಬಾರದು ಅಂತ ಗಾಡಿಯೊಳಗೆ ಪುಟ್ಟ ಜಾಮರ್ ಇಟ್ಟುಕೊಂಡಿದ್ದ. ಅದು ನಿಲ್ದಾಣದ ಲ್ಯಾಂಡಿಂಗ್ ವ್ಯವಸ್ಥೆಗೇ ತೊಂದರೆ ಕೊಟ್ಟಿತ್ತು! ಸುಮಾರು 32 ಸಾವಿರ ಡಾಲರ್ ದಂಡ ಬಿತ್ತು. ಯಜಮಾನನ ಕಣ್ಣು ತಪ್ಪಿಸೋಕೆ ಹೊರಟ ಒಬ್ಬ ಮನುಷ್ಯ ಇಷ್ಟು ಮಾಡಬಹುದಾದರೆ, ಲಾರಿಗಟ್ಟಲೆ ಸಾಧನ ಇಟ್ಟುಕೊಂಡ ಸೈನ್ಯ ಏನು ಮಾಡಬಹುದು, ಲೆಕ್ಕ ಹಾಕಿ. ಅಂದ ಹಾಗೆ, ನಮ್ಮ ದೇಶದಲ್ಲೂ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಜಾಮರ್ ಬಳಸುವುದು ಅಪರಾಧ. ಆನ್‌ಲೈನ್‌ನಲ್ಲಿ ಸಿಕ್ಕಿತು ಅಂತ ತರಿಸಿಕೊಳ್ಳಬೇಡಿ.

[ದೃಶ್ಯ: ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಮೊಬೈಲ್ ತೆರೆಯಲ್ಲಿ ದಿಶಾಂಕ್ ಆ್ಯಪ್. ನೀಲಿ ಚುಕ್ಕೆ ಅತ್ತಿತ್ತ ಜಿಗಿಯುತ್ತಿದೆ.]

ಇದು ನಮ್ಮ ಪರಿಚಯದವರ ತೋಟ. ದಿಶಾಂಕ್ ಗೊತ್ತಲ್ವಾ? ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ಆ್ಯಪ್. ತೋಟದ ನಡುವೆ ನಿಂತು ನೋಡಿದರೆ ಚುಕ್ಕೆ ಒಮ್ಮೆ ಹಳ್ಳ ದಾಟುತ್ತದೆ, ಒಮ್ಮೆ ಪಕ್ಕದ ಸರ್ವೆ ನಂಬರಿಗೆ ಹೋಗುತ್ತದೆ. ತೋಟದ ಯಜಮಾನರು ನನಗೆ ಹೇಳಿದ್ದು ಹೀಗೆ: "ಎಂತ ಮಾರಾಯಾ ಇದು, ನನ್ನನ್ನೇ ಒತ್ತುವರಿದಾರ ಮಾಡ್ತದಲ್ಲ!"

ಇದು ಜಾಮಿಂಗ್ ಅಲ್ಲ. ಮೊದಲೇ ಸಣಕಲು ಸಿಗ್ನಲ್, ಮೇಲೆ ಅಡಿಕೆ ಸೋಗೆ, ಪಕ್ಕದಲ್ಲಿ ಗುಡ್ಡ. ಬಯಲಿಗೆ ಬಂದು ಒಂದು ನಿಮಿಷ ನಿಂತರೆ ಸರಿಯಾಗುತ್ತದೆ. ಜಾಮಿಂಗ್ ಆದರೆ ಬಯಲಿಗೆ ಬಂದರೂ ಸರಿಯಾಗುವುದಿಲ್ಲ.

ಗುಡ್ಡದ ಮಾತು ಬಂತಲ್ಲ, ಇಲ್ಲೊಂದು ಮಜಾ ಇದೆ. ಜಾಮರ್‌ನ ಅಲೆ ನೇರ ಹೋಗುತ್ತದೆ. ಬಯಲುಸೀಮೆಯಲ್ಲಿ ಯಾರೋ ಜಾಮರ್ ಹಚ್ಚಿದರು ಅಂತಿಟ್ಟುಕೊಳ್ಳಿ. ನಡುವೆ ಗುಡ್ಡದ ಸಾಲೇ ಇರುವಾಗ ಆಗುಂಬೆಯ ತಗ್ಗಿನಲ್ಲಿರುವ ನಮಗೆ ಏನೂ ಗೊತ್ತಾಗುವುದಿಲ್ಲ. ಆದರೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ಸುತ್ತ 350 ಕಿಲೋಮೀಟರ್‌ಗೂ ಹೆಚ್ಚು ದೂರ ತೆರೆದೇ ಇರುತ್ತದೆ. ಶಿವಮೊಗ್ಗದ ನೆತ್ತಿಯ ಮೇಲಿರುವ ವಿಮಾನಕ್ಕೆ ಬೆಂಗಳೂರು, ಮಂಗಳೂರು, ಪಣಜಿ ಎಲ್ಲವೂ ನೇರ ದೃಷ್ಟಿಯಲ್ಲೇ. ಬಾಲ್ಟಿಕ್ ದೇಶಗಳಲ್ಲಿ ಆಗುತ್ತಿರುವುದೂ ಹೆಚ್ಚುಕಡಿಮೆ ಇದೇ. ಬೀದಿಯಲ್ಲಿ ನಡೆಯುವವನ ಫೋನ್ ಸರಿಯಾಗಿ ದಾರಿ ತೋರಿಸುತ್ತಿರುತ್ತದೆ. ಅವನ ತಲೆಯ ಮೇಲೆ ಹೋಗುವ ಪೈಲಟ್‌ಗೆ ಜಿಪಿಎಸ್ ಇಲ್ಲ.

[ತೆರೆ: ಷಟ್ಕೋನಗಳ ನಕ್ಷೆ. ಹಸಿರು, ಹಳದಿ, ಕೆಂಪು.]

ಇದನ್ನು ಕಂಡುಹಿಡಿಯೋಕೆ ಗೂಢಚಾರರು ಬೇಕಿಲ್ಲ. ಪ್ರತಿ ವಿಮಾನವೂ ತಾನೆಲ್ಲಿದ್ದೇನೆ ಅಂತ ರೇಡಿಯೋದಲ್ಲಿ ಹೇಳುತ್ತಾ ಹೋಗುತ್ತದೆ. ಜೊತೆಗೆ ಆ ಮಾಹಿತಿ ಎಷ್ಟು ನಂಬಿಕೆಗೆ ಅರ್ಹ ಅಂತಲೂ ತಾನೇ ಹೇಳುತ್ತದೆ. ಒಂದೇ ಕಡೆ ತುಂಬಾ ವಿಮಾನಗಳು "ನನ್ನ ಲೆಕ್ಕ ನಂಬಬೇಡಿ" ಅಂದರೆ ನಕ್ಷೆಯ ಆ ಷಟ್ಕೋನ ಕೆಂಪು. ಜಿಪಿಎಸ್‌ಜಾಮ್ ಅನ್ನುವ ತಾಣದಲ್ಲಿ ದಿನಾ ಇದನ್ನು ಯಾರು ಬೇಕಾದರೂ ನೋಡಬಹುದು.

ಜಾಮಿಂಗ್‌ಗಿಂತ ಕೆಟ್ಟದ್ದು ಸ್ಪೂಫಿಂಗ್. ಇದರಲ್ಲಿ ಸಿಗ್ನಲ್ ಮುಚ್ಚುವುದಿಲ್ಲ, ಸುಳ್ಳು ಸಿಗ್ನಲ್ ಕೊಡುತ್ತಾರೆ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿ, ರಷ್ಯಾದ ನೊವೊರೊಸ್ಸಿಸ್ಕ್ ಬಂದರಿನ ಹತ್ತಿರ, ಸುಮಾರು 20 ಹಡಗುಗಳ ಜಿಪಿಎಸ್ ಒಂದೇ ಜಾಗ ತೋರಿಸಿತು: ಗೆಲೆಂಜಿಕ್ ವಿಮಾನ ನಿಲ್ದಾಣ. ಹಡಗುಗಳು ರನ್‌ವೇ ಮೇಲೆ! ಮಾಸ್ಕೋದಲ್ಲಿ ರಷ್ಯಾ ಅಧ್ಯಕ್ಷರ ಕಚೇರಿ ಇರುವ ಕ್ರೆಮ್ಲಿನ್ ಪಕ್ಕ ಹೋದವರ ಫೋನ್ ವ್ನುಕೊವೊ ವಿಮಾನ ನಿಲ್ದಾಣ ತೋರಿಸಿದ್ದೂ ಇದೆ.

ಎಲ್ಲ ಕಡೆ ವಿಮಾನ ನಿಲ್ದಾಣವೇ ಯಾಕೆ? ಅಂಗಡಿಯಲ್ಲಿ ಸಿಗುವ ಎಷ್ಟೋ ಡ್ರೋನ್‌ಗಳಲ್ಲಿ "ನಿಲ್ದಾಣದ ಹತ್ತಿರ ಹಾರಬೇಡ" ಅಂತ ಮೊದಲೇ ಬರೆದಿರುತ್ತಾರೆ. ನೀನು ನಿಲ್ದಾಣದಲ್ಲಿದ್ದೀಯ ಅಂತ ನಂಬಿಸಿದರೆ ಡ್ರೋನ್ ತಾನಾಗೇ ಇಳಿಯುತ್ತದೆ, ಇಲ್ಲವೇ ಏಳುವುದೇ ಇಲ್ಲ. ಸಂಶೋಧಕರು ಕೊಡುವ ವಿವರಣೆ ಇದು, ನನಗೂ ಸರಿ ಅನಿಸುತ್ತದೆ. ದೇಶ ಆಳುವ ದೊಡ್ಡವರನ್ನು ಡ್ರೋನ್‌ನಿಂದ ಕಾಯೋಕೆ ಹಾಕಿದ ಬಲೆಗೆ ಹಡಗುಗಳೂ ಬಿದ್ದವು.

ವಿಮಾನದಲ್ಲಿ ಇದರ ಪರಿಣಾಮ ಹೇಗಿರುತ್ತದೆ ಗೊತ್ತಾ? ನೆಲ ಹತ್ತಿರ ಬಂದರೆ ಎಚ್ಚರಿಸುವ ಒಂದು ಸಾಧನ ಕಾಕ್‌ಪಿಟ್‌ನಲ್ಲಿ ಇರುತ್ತದೆ. ಅದು ಜಿಪಿಎಸ್ ಹೇಳಿದ ಜಾಗವನ್ನು ತನ್ನೊಳಗಿನ ಗುಡ್ಡಬೆಟ್ಟದ ನಕ್ಷೆಗೆ ಹೋಲಿಸುತ್ತದೆ. ಸುಳ್ಳು ಜಾಗ ಸಿಕ್ಕರೆ, ಹತ್ತು ಕಿಲೋಮೀಟರ್ ಎತ್ತರದಲ್ಲಿ ನೆಮ್ಮದಿಯಾಗಿ ಹಾರುವಾಗಲೂ "ಪುಲ್ ಅಪ್, ಪುಲ್ ಅಪ್" ಅಂತ ಕೂಗಬಹುದು. ಪೈಲಟ್ ಅದನ್ನು ಅಲಕ್ಷ್ಯ ಮಾಡುವುದನ್ನು ಕಲಿಯುತ್ತಾನೆ. ನನಗೆ ಹೆದರಿಕೆ ಆಗುವುದು ಇಲ್ಲೇ. ಮುಂದೊಂದು ದಿನ ಎದುರಿಗೆ ನಿಜವಾಗಿ ಬೆಟ್ಟ ಇದ್ದಾಗಲೂ ಅದೇ ದನಿ ಕೂಗುವುದು.

[ನಿರೂಪಕ, ತೋಟದ ಬೇಲಿಯ ಪಕ್ಕ.]

ಈಗ ಉದ್ದೇಶಕ್ಕೆ ಬರೋಣ. ರಷ್ಯಾ ಇದನ್ನು ತನ್ನ ರಕ್ಷಣೆಗೆ ಮಾಡುತ್ತಿದೆಯಾ, ನೆರೆಯವರನ್ನು ಕಾಡೋಕಾ?

ನಮ್ಮ ಕಡೆ ತೋಟಕ್ಕೆ ಮಂಗ ಬಂದರೆ ಪಟಾಕಿ ಹೊಡೆದು ಓಡಿಸುತ್ತಾರೆ. ಮಂಗ ಎಲ್ಲಿಗೆ ಹೋಗುತ್ತದೆ? ಪಕ್ಕದ ತೋಟಕ್ಕೆ. ಕೇಳಿದರೆ "ನಮ್ಮ ಬೆಳೆ ನಾವು ಕಾಯ್ಕೊಂಡ್ವಿ, ನಿಮ್ಮ ತೋಟಕ್ಕೆ ಹೋಗ್ಲಿ ಅಂತ ಓಡಿಸಿದ್ದಲ್ಲ ಮಾರಾಯ್ರೆ" ಅಂತಾರೆ. ಸುಳ್ಳಲ್ಲ. ಆದರೆ ಅವರಿಗೂ ನಿಮಗೂ ಮೊದಲಿಂದ ಬೇಲಿ ಜಗಳ ಇದ್ದರೆ? ನಿಮ್ಮ ತೋಟದ ಕಡೆಗೇ ಹೋಗುವ ಹಾಗೆ ಎದುರು ದಿಕ್ಕಿನಿಂದ ಹೊಡೆದರೆ? ನೀವು ಸಾಬೀತು ಮಾಡೋದು ಹೇಗೆ?

ರಕ್ಷಣೆಯ ಕಾರಣ ಇದೆ, ಅದನ್ನು ತಳ್ಳಿಹಾಕಬಾರದು. ಉಕ್ರೇನಿನ ಡ್ರೋನ್‌ಗಳು ಉಸ್ತ್-ಲುಗಾ, ಪ್ರಿಮೊರ್ಸ್ಕ್‌ನಂಥ ಬಾಲ್ಟಿಕ್ ತೀರದ ತೈಲ ಬಂದರುಗಳ ತನಕ ಬಂದಿವೆ. ಆ ಡ್ರೋನ್‌ಗಳ ದಾರಿ ತಪ್ಪಿಸೋಕೆ ಸುತ್ತಮುತ್ತ ಜಿಪಿಎಸ್ ಕೆಡಿಸಿದರೆ, ಎದುರು ದಡದ ಎಸ್ಟೋನಿಯಾ, ಫಿನ್‌ಲ್ಯಾಂಡಿಗೂ ಬಿಸಿ ತಟ್ಟುತ್ತದೆ. ರಷ್ಯಾ ಮಾತ್ರ ಹೀಗೆ ಮಾಡುತ್ತದೆ ಅಂತಲೂ ಅಲ್ಲ. 2024ರಲ್ಲಿ ಇಸ್ರೇಲ್ ಸ್ಪೂಫಿಂಗ್ ಮಾಡಿದಾಗ ಟೆಲ್ ಅವೀವ್‌ನಲ್ಲಿ ಕೂತವರ ಫೋನ್ ಬೈರೂತ್ ವಿಮಾನ ನಿಲ್ದಾಣ ತೋರಿಸುತ್ತಿತ್ತು.

ಆದರೆ ಬರೀ ರಕ್ಷಣೆ ಅಂದರೆ ಒಂದು ಪ್ರಶ್ನೆ ಉಳಿಯುತ್ತದೆ. 2018ರಲ್ಲಿ ನೇಟೋ ನಾರ್ವೆಯಲ್ಲಿ ಟ್ರೈಡೆಂಟ್ ಜಂಕ್ಚರ್ ಅನ್ನುವ ದೊಡ್ಡ ಸಮರಾಭ್ಯಾಸ ಮಾಡಿತು. ಆಗಲೂ ಉತ್ತರ ನಾರ್ವೆ, ಫಿನ್‌ಲ್ಯಾಂಡ್‌ಗಳಲ್ಲಿ ಜಿಪಿಎಸ್ ಕೆಟ್ಟಿತು. ಗದ್ದಲ ಬಂದದ್ದು ರಷ್ಯಾದ ಕೋಲಾ ಪರ್ಯಾಯ ದ್ವೀಪದಿಂದ ಅಂತ ನಾರ್ವೆ ಹೇಳಿತು, ರಷ್ಯಾ ಒಪ್ಪಲಿಲ್ಲ. ಆಗ ಆ ಕಡೆಗೆ ಯಾವ ಡ್ರೋನ್ ಬರುತ್ತಿತ್ತು? 2024ರ ಮಾರ್ಚ್‌ನಲ್ಲಿ ಬ್ರಿಟನ್ ರಕ್ಷಣಾ ಸಚಿವ ಗ್ರಾಂಟ್ ಶಾಪ್ಸ್ ಪೋಲೆಂಡಿನಿಂದ ವಾಪಸ್ ಹೋಗುತ್ತಿದ್ದ ವಿಮಾನದ ಜಿಪಿಎಸ್ ರಷ್ಯಾದ ಕಲಿನಿನ್‌ಗ್ರಾಡ್ ಹತ್ತಿರ ಅರ್ಧ ಗಂಟೆ ಸತ್ತಿತ್ತು.

ನನ್ನ ಲೆಕ್ಕ ಇಷ್ಟು. ರಕ್ಷಣೆ ಅನ್ನುವುದು ಸುಳ್ಳು ನೆಪ ಅಲ್ಲ, ನಿಜವಾದ ನೆಪ. ಅದಕ್ಕೇ ಅದು ಅಷ್ಟು ಉಪಯೋಗಕ್ಕೆ ಬರುತ್ತದೆ. ಕ್ಷಿಪಣಿ ಬಿದ್ದರೆ ಯುದ್ಧ. ಜಿಪಿಎಸ್ ಕೆಟ್ಟರೆ? ಯಾರೂ ಯುದ್ಧ ಸಾರುವುದಿಲ್ಲ. ಹೊಗೆ ಇಲ್ಲ, ಚೂರು ಇಲ್ಲ. ಸ್ವಿಚ್ ಆರಿಸಿದರೆ ಸಾಕ್ಷಿಯೂ ಇಲ್ಲ. ಖರ್ಚು ಮಾತ್ರ ಎದುರಿನವನದು: ಹಾರಾಟ ರದ್ದು, ಸುತ್ತುದಾರಿಯ ಇಂಧನ, ಹೊಸ ಸಾಧನ, ಜನರ ಆತಂಕ. ಜೊತೆಗೆ ಎದುರಿನವನು ಎಷ್ಟು ಸಹಿಸುತ್ತಾನೆ, ಎಲ್ಲಿ ಕೂಗುತ್ತಾನೆ ಅನ್ನೋದರ ಅಂದಾಜೂ ಸಿಗುತ್ತದೆ. ಪುಕ್ಕಟೆ ಪರೀಕ್ಷೆ.

ಇದರಲ್ಲಿ ಇನ್ನೊಂದು ಲಾಭವೂ ಇದೆ. ಗೊಂದಲ. 2025ರ ಆಗಸ್ಟ್ 31ರಂದು ಯುರೋಪಿಯನ್ ಕಮಿಷನ್ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೈಯನ್ ಅವರ ವಿಮಾನ ಬಲ್ಗೇರಿಯಾದ ಪ್ಲೊವ್‌ಡಿವ್‌ನಲ್ಲಿ ಇಳಿಯುವಾಗ ಜಿಪಿಎಸ್ ಕೆಟ್ಟಿತ್ತು, ರಷ್ಯಾದ ಮೇಲೆ ಅನುಮಾನ ಅಂತ ಕಮಿಷನ್ ಹೇಳಿತು. ವಿಮಾನಗಳ ಜಾಡು ಹಿಡಿಯುವ ಫ್ಲೈಟ್‌ರಾಡಾರ್24 "ನಮ್ಮ ದಾಖಲೆಯಲ್ಲಿ ಸಿಗ್ನಲ್ ಚೆನ್ನಾಗೇ ಇತ್ತು" ಅಂದಿತು. ಕ್ರೆಮ್ಲಿನ್ ಈ ಮಾಹಿತಿಯೇ ತಪ್ಪು ಅಂದಿತು. ಹಾಗಾಗಿ ಕೆಟ್ಟ ಜಿಪಿಎಸ್ ಎಲ್ಲಾ ಮಾಸ್ಕೋದ್ದೇ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ಒಂದು ಆರೋಪ ಜಾರಿದರೆ, ನಿಜವಾದ ಹತ್ತರ ಮೇಲೂ ಜನಕ್ಕೆ ಅನುಮಾನ ಹುಟ್ಟುತ್ತದೆ.

ಗದ್ದಲ ಹಾಕಿದವರ ಮನೆಗೇ ಅದು ತಿರುಗುವುದೂ ಇದೆ. 2024ರ ಡಿಸೆಂಬರ್ 25ರಂದು ಬಾಕುವಿನಿಂದ ರಷ್ಯಾದ ಗ್ರೋಜ್ನಿಗೆ ಹೊರಟ ಅಜರ್‌ಬೈಜಾನ್ ಏರ್‌ಲೈನ್ಸ್ ವಿಮಾನಕ್ಕೆ ಆ ಭಾಗದಲ್ಲಿ ಜಿಪಿಎಸ್ ಸಿಗಲಿಲ್ಲ. ಡ್ರೋನ್ ದಾಳಿಯ ಗಲಾಟೆ ನಡುವೆ ಕ್ಷಿಪಣಿ ಸ್ಫೋಟದ ಏಟು ತಿಂದು, ಕ್ಯಾಸ್ಪಿಯನ್ ಸಮುದ್ರ ದಾಟಿ, ಕಜಕಿಸ್ತಾನದ ಅಕ್ತಾವು ಬಳಿ ಬಿದ್ದಿತು. 67 ಜನರಲ್ಲಿ 38 ಮಂದಿ ಸತ್ತರು. ರಷ್ಯಾದ ಕ್ಷಿಪಣಿಗಳು ವಿಮಾನದ ಹತ್ತಿರ ಸಿಡಿದವು ಅಂತ ಪುಟಿನ್ ಒಪ್ಪಿದ್ದು 2025ರ ಅಕ್ಟೋಬರ್‌ನಲ್ಲಿ.

ಕಾನೂನು ಇಲ್ವಾ ಅಂದರೆ, ಇದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಂವಿಧಾನ ಹಾನಿಕರ ರೇಡಿಯೋ ಅಡಚಣೆ ಬೇಡ ಅನ್ನುತ್ತದೆ. ಅದೇ ಸಂವಿಧಾನ ಸೈನ್ಯದ ರೇಡಿಯೋ ವಿಷಯದಲ್ಲಿ ದೇಶಗಳಿಗೆ ಪೂರ್ತಿ ಸ್ವಾತಂತ್ರ್ಯ ಅಂತಲೂ ಅನ್ನುತ್ತದೆ. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆಗೆದಿಟ್ಟಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಹಾಸಭೆ ರಷ್ಯಾ, ಉತ್ತರ ಕೊರಿಯಾ ಎರಡನ್ನೂ ಹೆಸರು ಹಿಡಿದು ಖಂಡಿಸಿತು. ಖಂಡನೆಗೆ ಜಾಮರ್ ನಿಲ್ಲುವುದಿಲ್ಲ.

[ತೆರೆ: ಭಾರತದ ನಕ್ಷೆ. ಅಮೃತಸರ, ಜಮ್ಮು, ದೆಹಲಿ, ಬೆಂಗಳೂರು.]

ನಮ್ಮ ದೇಶಕ್ಕೆ ಬಂದರೆ: 2023ರ ನವೆಂಬರ್‌ನಿಂದ 2025ರ ಫೆಬ್ರವರಿ ತನಕ ಗಡಿ ಭಾಗದಲ್ಲಿ, ಹೆಚ್ಚಾಗಿ ಅಮೃತಸರ, ಜಮ್ಮು ಸುತ್ತ, ಜಿಪಿಎಸ್ ಕೆಡಿಸಿದ 465 ಪ್ರಕರಣ ಆಗಿವೆ ಅಂತ ಸರ್ಕಾರ ಲೋಕಸಭೆಗೆ ತಿಳಿಸಿದೆ. 2025ರ ನವೆಂಬರ್‌ನಲ್ಲಿ ದೆಹಲಿಯ ಸರದಿ. ಒಂದು ರನ್‌ವೇಗೆ ಜಿಪಿಎಸ್ ನಂಬಿ ಇಳಿಯುತ್ತಿದ್ದ ವಿಮಾನಗಳಿಗೆ ಸ್ಪೂಫಿಂಗ್ ತಟ್ಟಿತು. ನೆಲದ ಸಾಧನ ನಂಬಿದ ರನ್‌ವೇಗಳಿಗೆ ಏನೂ ಆಗಲಿಲ್ಲ. ಸಂಸತ್ತಿನಲ್ಲಿ ಸಚಿವರು ಹೇಳಿದ ಪಟ್ಟಿಯಲ್ಲಿ ಬೆಂಗಳೂರಿನ ಹೆಸರೂ ಇದೆ.

"ನಮ್ಮದೇ ನಾವಿಕ್ ಇದೆಯಲ್ಲ?" ಅಂತ ಕೇಳಬಹುದು. ನಾವಿಕ್ ಅಂದರೆ ಜಿಪಿಎಸ್ ಥರ ಜಾಗ ತೋರಿಸುವ ಇಸ್ರೋದ ಉಪಗ್ರಹಗಳ ಜಾಲ. ನಾವಿಕ್ ಬೇಕು, ಆದರೆ ಬೇರೆ ಕಾರಣಕ್ಕೆ. ಜಿಪಿಎಸ್‌ನ ಬೀಗದ ಕೈ ಅಮೆರಿಕದ ಬಳಿ ಇದೆ. 2000ದ ಮೇ ತನಕ ಸಾಮಾನ್ಯರಿಗೆ ಕೊಡುವ ಜಿಪಿಎಸ್ ಅನ್ನು ಅವರು ಬೇಕೆಂದೇ ನೂರು ಮೀಟರ್‌ನಷ್ಟು ಮಸುಕು ಮಾಡಿಟ್ಟಿದ್ದರು. ಬೇರೆಯವರ ಬಾಗಿಲಲ್ಲಿ ನಿಲ್ಲಬಾರದು ಅನ್ನೋದಕ್ಕೆ ನಾವಿಕ್. ಸದ್ಯಕ್ಕೆ ಅದೂ ಸೊರಗಿದೆ: 2025ರ ಜುಲೈನಲ್ಲಿ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ, ಹಾರಿಸಿದ 11 ಉಪಗ್ರಹಗಳಲ್ಲಿ ಜಾಗ ತೋರಿಸುವ ಕೆಲಸ ಮಾಡುತ್ತಿದ್ದದ್ದು 4. ಅದೇ ವರ್ಷ ಜನವರಿಯಲ್ಲಿ ಹೋದ ಎನ್‌ವಿಎಸ್-02 ತನ್ನ ಕಕ್ಷೆ ಮುಟ್ಟಲಿಲ್ಲ. ಪಕ್ಕದ ಹಾಸನದಲ್ಲೇ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ, ಅಲ್ಲಿಯವರಿಗೆ ಕೈತುಂಬ ಕೆಲಸ.

ನಾವಿಕ್ ಪೂರ್ತಿಯಾದರೂ ಅದರ ಸಿಗ್ನಲ್ ಬರುವುದು 36,000 ಕಿಲೋಮೀಟರ್ ಎತ್ತರದಿಂದ. ಅದೂ ಅಷ್ಟೇ ಸಣಕಲು, ಅದನ್ನೂ ಜಾಮ್ ಮಾಡಬಹುದು. ಸುಳ್ಳು ಸಿಗ್ನಲ್ ಹಿಡಿಯೋಕೆ ಯುರೋಪಿನ ಗೆಲಿಲಿಯೋ 2025ರಿಂದ ತನ್ನ ಸಿಗ್ನಲ್‌ಗೆ ಸಹಿಯಂಥ ಗುರುತು ಸೇರಿಸಿ ಕಳಿಸುತ್ತಿದೆ. ಸ್ಪೂಫಿಂಗ್‌ಗೆ ಅದು ಒಳ್ಳೆಯ ಮದ್ದು. ಗದ್ದಲಕ್ಕೆ ಮದ್ದು ಇರುವುದು ನೆಲದ ಮೇಲೆ: ದಿಕ್ಕು ಹೇಳುವ ವಿಒಆರ್, ದೂರ ಹೇಳುವ ಡಿಎಂಇ, ರನ್‌ವೇಗೆ ಇಳಿಸುವ ಐಎಲ್‌ಎಸ್ ಅನ್ನುವ ರೇಡಿಯೋ ಸಾಧನಗಳು. ದಶಕಗಳ ಹಿಂದಿನ ತಂತ್ರ, ಆದರೆ ಸಿಗ್ನಲ್ ಹತ್ತಿರದಿಂದ ಜೋರಾಗಿ ಬರುತ್ತದೆ. ಉಪಗ್ರಹ ಬಂತಲ್ಲ, ಇವಕ್ಕೆ ಖರ್ಚು ಯಾಕೆ ಅಂತ ಎಷ್ಟೋ ದೇಶಗಳು ಇವನ್ನು ಕಡಿಮೆ ಮಾಡುತ್ತಾ ಬಂದಿದ್ದವು. ಕನಿಷ್ಠ ಇಷ್ಟಾದರೂ ಸಾಧನ ನೆಲದ ಮೇಲೆ ಇರಲೇಬೇಕು ಅಂತ ಭಾರತ ಒಂದು ಜಾಲ ಉಳಿಸಿಕೊಂಡಿದೆ. ಹೊಸದಾಗಿ ಹುಟ್ಟುತ್ತಿರುವ ಸಣ್ಣ ಊರುಗಳ ನಿಲ್ದಾಣಗಳಿಗೂ ಆ ಜಾಲ ತಲುಪುತ್ತದಾ ಅಂತ ನಮ್ಮ ಸಂಸದರನ್ನು ಕೇಳಬೇಕಾದ್ದು ಈಗ.