ಓದಲು ಉಚಿತ, ಬರೆಯಲು ದುಬಾರಿ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಮುಕ್ತ ಪ್ರವೇಶದ ಬಗ್ಗೆ, ಅಂದರೆ ಸಂಶೋಧನಾ ಲೇಖನಗಳು ಯಾರಿಗೇ ಆಗಲಿ ದುಡ್ಡಿಲ್ಲದೆ ಓದಲು ಸಿಗಬೇಕೆಂಬ ವಿಚಾರದ ಬಗ್ಗೆ, ವೈದ್ಯವಿಜ್ಞಾನದಲ್ಲೂ ಇತಿಹಾಸದಲ್ಲೂ.

1982ರಲ್ಲಿ ಯುರೋಪಿನ ವೈರಾಣುಶಾಸ್ತ್ರದ ಜರ್ನಲ್ ಒಂದರಲ್ಲಿ ಲೈಬೀರಿಯಾದ ಬಗ್ಗೆ ಒಂದು ಲೇಖನ ಬಂತು. ಅಲ್ಲಿನ ಜನರಿಂದ ಸಂಗ್ರಹಿಸಿದ್ದ ರಕ್ತದ ಮಾದರಿಗಳಲ್ಲಿ ಕೆಲವದರಲ್ಲಿ ಎಬೋಲಾ ವಿರುದ್ಧದ ಪ್ರತಿಕಾಯಗಳು ಕಂಡಿದ್ದವು. ಎಬೋಲಾ ನೆಲೆಯೂರಿರುವ ದೇಶಗಳ ಸಾಲಿಗೆ ಲೈಬೀರಿಯಾವನ್ನೂ ಸೇರಿಸಬೇಕು ಎಂದು ಲೇಖಕರು ಬರೆದಿದ್ದರು. ಮೂವತ್ತೆರಡು ವರ್ಷ ಕಳೆದ ಮೇಲೆ, 2014ರಲ್ಲಿ, ಲೈಬೀರಿಯಾವನ್ನೂ ಅದರ ನೆರೆಯ ದೇಶಗಳನ್ನೂ ಎಬೋಲಾ ಹಿಡಿದು ಅಲ್ಲಾಡಿಸಿತು. ಆ ಸಾಂಕ್ರಾಮಿಕ ಮುಗಿಯುವ ಹೊತ್ತಿಗೆ ಪಶ್ಚಿಮ ಆಫ್ರಿಕಾದಲ್ಲಿ 11,000ಕ್ಕೂ ಹೆಚ್ಚು ಜನ ಸತ್ತಿದ್ದರು.

2015ರ ಏಪ್ರಿಲ್‌ನಲ್ಲಿ ಲೈಬೀರಿಯಾದ ಮುಖ್ಯ ವೈದ್ಯಾಧಿಕಾರಿ ಬರ್ನಿಸ್ ಡಾನ್ ಮತ್ತು ಇಬ್ಬರು ಜೊತೆಗಾರರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ಹಳೆಯ ಸಂಗತಿಯನ್ನು ಹೊರಗೆಳೆದರು. ಅಂಥ ಒಂದು ಲೇಖನ ಇಳಿಸಿಕೊಳ್ಳಲು 45 ಡಾಲರ್, ಅಂದರೆ ಅಲ್ಲಿನ ವೈದ್ಯರೊಬ್ಬರ ಸುಮಾರು ಅರ್ಧ ವಾರದ ಸಂಬಳ. 1982ರ ಆ ಲೇಖನ ಬರೆದವರಲ್ಲಿ ಒಬ್ಬರೂ ಲೈಬೀರಿಯಾದವರಿರಲಿಲ್ಲ. ಲೇಖನ ಉಚಿತವಾಗಿದ್ದರೆ ಎಬೋಲಾ ನಿಂತೇ ಹೋಗುತ್ತಿತ್ತು ಎಂದು ನಾನೇನೂ ಹೇಳುವುದಿಲ್ಲ. ಅದು ಇದೆ ಎನ್ನುವುದೇ ಗೊತ್ತಿಲ್ಲದವರಿಗೆ ಅದರ ಬೆಲೆ ಎಷ್ಟಾದರೇನು? ಆದರೆ ಇನ್ನೊಂದು ಪ್ರಶ್ನೆ ಇದೆ: 2014ರಲ್ಲಿ ಆ ಲೇಖನ ವೈದ್ಯವಿಜ್ಞಾನವೋ, ಇತಿಹಾಸವೋ?

ಎರಡೂ ಹೌದು. ಇವೆರಡೂ ಬೇರೆ ಬೇರೆ ಊರಿನ ವಿದ್ಯೆಗಳು ಎಂಬಂತೆ ನಾವು ಮಾತಾಡುತ್ತೇವೆ, ಕೆಲಸ ಹಾಗೆ ನಡೆಯುವುದಿಲ್ಲ. 2011ರಲ್ಲಿ ಹದಿನಾಲ್ಕನೆಯ ಶತಮಾನದ ಪ್ಲೇಗ್ ಬ್ಯಾಕ್ಟೀರಿಯಾದ ಜೀನೋಮನ್ನು, ಅಂದರೆ ಅದರ ಇಡೀ ಆನುವಂಶಿಕ ಮಾಹಿತಿಯನ್ನು, ಜೋಡಿಸಲು ಸಾಧ್ಯವಾದದ್ದು ಲಂಡನ್ನಿನ ಈಸ್ಟ್ ಸ್ಮಿತ್‌ಫೀಲ್ಡ್ ಸ್ಮಶಾನದಿಂದ. ಅಲ್ಲಿ ಹೂಳಿದ್ದು ಮಹಾಮಾರಿಯಲ್ಲಿ ಸತ್ತವರನ್ನೇ ಎಂದು ಹೇಳಿದ್ದು ಹಳೆಯ ದಾಖಲೆಗಳು. 1918ರ ಫ್ಲೂ ಕಥೆ ಇನ್ನೂ ಸ್ವಾರಸ್ಯದ್ದು. 1997ರಲ್ಲಿ ಜೆಫ್ರಿ ಟಾಬೆನ್‌ಬರ್ಗರ್ ತಂಡ ಆ ವೈರಸ್ಸಿನ ಕೆಲವು ತುಣುಕುಗಳನ್ನು ಓದಿ ಲೇಖನ ಪ್ರಕಟಿಸಿತು. ಅದನ್ನು ನಿವೃತ್ತ ರೋಗಶಾಸ್ತ್ರಜ್ಞ ಯೋಹಾನ್ ಹುಲ್ಟಿನ್ ಓದಿದರು. 1951ರಲ್ಲಿ ಅಲಾಸ್ಕಾದ ಬ್ರೆವಿಗ್ ಮಿಷನ್ ಎಂಬ ಹಳ್ಳಿಯಲ್ಲಿ ಫ್ಲೂ ಸಮಾಧಿಗಳನ್ನು ಅಗೆದು ವೈರಸ್ ಸಿಗದೆ ವಾಪಸಾಗಿದ್ದವರು ಅವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಅಲ್ಲಿಗೇ ಹೋದರು. ಅವರು ತಂದ ಶ್ವಾಸಕೋಶದ ಚೂರುಗಳು ನೆರವಾಗಿ 2005ರ ಹೊತ್ತಿಗೆ ಪೂರ್ತಿ ಜೀನೋಮ್ ಕೈಗೆ ಬಂತು. ಆ ಲೇಖನವನ್ನು ಬರೆದವರ ಮನಸ್ಸಿನಲ್ಲಿ ಹುಲ್ಟಿನ್ ಎಂಬ ಓದುಗ ಇರಲೇ ಇಲ್ಲ. ಮುಕ್ತ ಪ್ರವೇಶದ ಪರವಾಗಿ ನನಗೆ ಕಾಣುವ ಬಲವಾದ ವಾದ ಇದೇ: ಯಾರು ಓದಬೇಕಾಗುತ್ತದೆ ಎಂಬುದು ಪ್ರಕಟಿಸುವ ದಿನ ಯಾರಿಗೂ ಗೊತ್ತಿರುವುದಿಲ್ಲ.

ಈಗ ಹಣದ ವಿಷಯಕ್ಕೆ ಬರೋಣ, ತಕರಾರು ಇರುವುದೇ ಅಲ್ಲಿ. ವೈದ್ಯವಿಜ್ಞಾನ ಈ ದಾರಿಯಲ್ಲಿ ಬೇಗ ನಡೆಯಿತು. ಮಾನವ ಜೀನೋಮಿನ ಮಾಹಿತಿಯನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಸಾರ್ವಜನಿಕಗೊಳಿಸಬೇಕೆಂಬ ಬರ್ಮುಡಾ ಒಪ್ಪಂದ 1996ರದ್ದು. ವೈದ್ಯಕೀಯ ಲೇಖನಗಳನ್ನು ಉಚಿತವಾಗಿ ಓದಲು ಇಡುವ ಡಿಜಿಟಲ್ ಭಂಡಾರ ಪಬ್‌ಮೆಡ್ ಸೆಂಟ್ರಲ್ 2000ದಲ್ಲಿ ಶುರುವಾಯಿತು. ಮುಕ್ತ ಪ್ರವೇಶಕ್ಕೆ ಕರೆ ಕೊಟ್ಟ ಬುಡಾಪೆಸ್ಟ್ ಘೋಷಣೆ ಬಂದದ್ದು 2002ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಎನ್‌ಐಎಚ್, 2008ರಲ್ಲಿ ತನ್ನ ಹಣದಿಂದ ನಡೆದ ಸಂಶೋಧನೆಯ ಲೇಖನಗಳು ಹನ್ನೆರಡು ತಿಂಗಳೊಳಗೆ ಎಲ್ಲರಿಗೂ ಸಿಗಬೇಕೆಂದು ಕಡ್ಡಾಯ ಮಾಡಿತು. 2025ರ ಜುಲೈನಿಂದ ಆ ಹನ್ನೆರಡು ತಿಂಗಳ ಕಾಲಾವಕಾಶವೂ ಇಲ್ಲ, ಪ್ರಕಟವಾದ ಕೂಡಲೇ ಸಿಗಬೇಕು. ಹಣ ಕೊಡುವವರು ಷರತ್ತು ಹಾಕಿದರು, ಪ್ರಯೋಗಾಲಯಗಳು ಒಪ್ಪಿಕೊಂಡವು.

ಚಂದಾ ಹಣ ಕೈತಪ್ಪುವ ಪ್ರಕಾಶಕರು ಸುಮ್ಮನಿರುತ್ತಾರೆಯೇ? ಓದುಗನ ಬಳಿ ಕೇಳುತ್ತಿದ್ದುದನ್ನು ಲೇಖಕನ ಬಳಿ ಕೇಳತೊಡಗಿದರು. ನೇಚರ್ ಪತ್ರಿಕೆ 2020ರಲ್ಲಿ ಪ್ರಕಟಿಸಿದ ದರ ಒಂದು ಲೇಖನಕ್ಕೆ 9,500 ಯೂರೋ! ದೊಡ್ಡ ಅನುದಾನವಿರುವ ಪ್ರಯೋಗಾಲಯ ಅದನ್ನು ಯೋಜನೆಯ ಖರ್ಚಿನಲ್ಲಿ ಬರೆದುಕೊಂಡೀತು. ಇತಿಹಾಸಕಾರ ಎಲ್ಲಿಂದ ತಂದಾನು? ಬಹುಪಾಲು ಇತಿಹಾಸ ಸಂಶೋಧನೆಗೆ ಅಂಥ ಅನುದಾನವೇ ಇರುವುದಿಲ್ಲ. ಪತ್ರಾಗಾರದ ಒಂದು ಚಿತ್ರ ಅಚ್ಚು ಮಾಡಲು ಅವನು ಬೇರೆಯಾಗಿ ಅನುಮತಿ ಪಡೆಯಬೇಕು. ಸಾಲದ್ದಕ್ಕೆ, ಅವನ ಮುಖ್ಯ ಕೃತಿ ಲೇಖನವಲ್ಲ, ವರ್ಷಗಟ್ಟಲೆ ಬರೆದ ಪುಸ್ತಕ. ಪ್ರಬಂಧ ಅಂತರ್ಜಾಲದಲ್ಲಿ ಉಚಿತವಾಗಿ ಸಿಕ್ಕರೆ ಅದನ್ನು ಪುಸ್ತಕ ಮಾಡಲು ಪ್ರಕಾಶಕರು ಮುಂದೆ ಬರುವುದಿಲ್ಲವೆಂಬ ಅಂಜಿಕೆಯಿಂದ 2013ರಲ್ಲಿ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಒಂದು ಹೇಳಿಕೆ ಕೊಟ್ಟಿತು: ಪಿಎಚ್‌ಡಿ ಪ್ರಬಂಧವನ್ನು ಆರು ವರ್ಷದವರೆಗೆ ಮುಚ್ಚಿಡಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಲಿ. ಆಗ ಸಾಕಷ್ಟು ಟೀಕೆ ಬಂತು. ಆ ಸಲಹೆ ನನಗೂ ಒಪ್ಪಿಗೆಯಿಲ್ಲ. ಆದರೆ ಕೆಲಸ ಹುಡುಕುತ್ತಿರುವ ಯುವ ಇತಿಹಾಸಕಾರರ ಭಯವನ್ನು ನಗೆಯಾಡುವ ಹಕ್ಕು ಕಾಯಂ ಸಂಬಳದವರಿಗೆ ಇಲ್ಲ.

ಪ್ರಯೋಗಾಲಯಕ್ಕೆಂದು ಹೊಲಿದ ಅಂಗಿಯನ್ನೇ ಪತ್ರಾಗಾರದಲ್ಲಿ ಕೂರುವವನಿಗೂ ತೊಡಿಸಲು ಹೋಗಿದ್ದೇ ಎಡವಟ್ಟು ಎಂಬುದು ನನ್ನ ಅಭಿಪ್ರಾಯ. ಬೇರೆ ದಾರಿಗಳಿವೆ. ಬ್ರೆಜಿಲ್‌ನಿಂದ ಶುರುವಾದ ಸೈಎಲೋ ಜಾಲ ತೊಂಬತ್ತರ ದಶಕದ ಕೊನೆಯಿಂದಲೇ ಜರ್ನಲ್‌ಗಳನ್ನು ಉಚಿತವಾಗಿ ಕೊಡುತ್ತಿದೆ. ಲಸಿಕೆ ತಯಾರಿಸುವ ಅಲ್ಲಿನ ಆರೋಗ್ಯ ಸಂಸ್ಥೆ ಫಿಯೊಕ್ರುಜ್ ಒಂದು ಇತಿಹಾಸ ಜರ್ನಲನ್ನೂ ನಡೆಸುತ್ತದೆ, ಅದೂ ಅದೇ ಜಾಲದಲ್ಲಿದೆ. ಮಾನವಿಕ ವಿಷಯಗಳ ಜರ್ನಲ್‌ಗಳನ್ನು ಹೊರತರುವ, 2015ರಲ್ಲಿ ಬಂದ ಓಪನ್ ಲೈಬ್ರರಿ ಆಫ್ ಹ್ಯುಮ್ಯಾನಿಟೀಸ್‌ನಲ್ಲಿ ಹಲವು ಗ್ರಂಥಾಲಯಗಳು ಸೇರಿ ಖರ್ಚು ಹೊರುತ್ತವೆ. ಲೇಖಕ ದುಡ್ಡು ಕೊಡುವುದಿಲ್ಲ, ಓದುಗನೂ ಕೊಡುವುದಿಲ್ಲ. ಇದಕ್ಕೂ ಮಿತಿಯಿದೆ. ಗ್ರಂಥಾಲಯಗಳ ಬಜೆಟ್ ಕಡಿತವಾದಾಗ ಮೊದಲು ಕತ್ತರಿ ಬೀಳುವುದು ಕಡ್ಡಾಯವಲ್ಲದ ಇಂಥ ವಂತಿಗೆಗೇ.

ಒಂದು ಜಾಗದಲ್ಲಿ ಮಾತ್ರ ನಾನು ಮುಕ್ತತೆಗೆ ತಡೆ ಒಡ್ಡುತ್ತೇನೆ: ಹಳೆಯ ಆಸ್ಪತ್ರೆಗಳ ರೋಗಿ ದಾಖಲೆಗಳು. ಸಂಶೋಧಕನ ಲೇಖನ ಎಲ್ಲರಿಗೂ ಸಿಗಲಿ. ಮಾನಸಿಕ ಆಸ್ಪತ್ರೆಯಲ್ಲಿದ್ದ ಯಾರದೋ ಅಜ್ಜಿಯ ಹೆಸರು, ಕಾಯಿಲೆ, ಫೋಟೋ ಎಲ್ಲರಿಗೂ ಸಿಗಬೇಕಾಗಿಲ್ಲ. ಅವರು ಒಪ್ಪಿಗೆ ಕೊಟ್ಟಿಲ್ಲ, ಅವರ ಮೊಮ್ಮಕ್ಕಳು ಇನ್ನೂ ಬದುಕಿದ್ದಾರೆ.

ಇಲ್ಲಿ ಸಂಶೋಧನಾ ವಿದ್ಯಾರ್ಥಿಗಳಿದ್ದರೆ ಒಂದು ಕೆಲಸದ ಮಾತು. ಜರ್ನಲ್‌ನ ಕರಾರು ಪತ್ರಕ್ಕೆ ಸಹಿ ಹಾಕುವ ಮುಂಚೆ ಓದಿ. ವಿಮರ್ಶಕರ ತಿದ್ದುಪಡಿ ಮುಗಿದು ಸ್ವೀಕೃತವಾದ ನಿಮ್ಮ ಹಸ್ತಪ್ರತಿಯನ್ನು ವಿಶ್ವವಿದ್ಯಾಲಯದ ಡಿಜಿಟಲ್ ಭಂಡಾರದಲ್ಲಿ ಇಡಲು ಅನೇಕ ಪ್ರಕಾಶಕರು ಬಿಡುತ್ತಾರೆ, ಕೆಲವೊಮ್ಮೆ ಒಂದಷ್ಟು ತಿಂಗಳು ಕಾದ ಮೇಲೆ. ಅದಕ್ಕೆ ಶುಲ್ಕವಿಲ್ಲ. ಆ ಹಸ್ತಪ್ರತಿಯ ಫೈಲನ್ನು ಜೋಪಾನವಾಗಿಟ್ಟುಕೊಳ್ಳಿ. ಅಚ್ಚಾದ ಪಿಡಿಎಫ್ ಅದರ ಜಾಗಕ್ಕೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.