ಕಾರಿನ ಕುಲುಕಾಟ ಮತ್ತು ಟಯರಿನ ಗಾಳಿ

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಒಳರಸ್ತೆಗಳಲ್ಲಿ ಕಾರಿನಲ್ಲಿ ಕುಳಿತವರ ಬೈಗುಳ ಮೊದಲು ಬೀಳುವುದು ರಸ್ತೆಗೆ. ಅದು ನ್ಯಾಯವೇ. ಆಮೇಲೆ ಶಾಕ್ ಅಬ್ಸಾರ್ಬರಿಗೆ, ಕೊನೆಗೆ ಕಾರು ಮಾಡಿದ ಕಂಪೆನಿಗೆ. ಗ್ಯಾರೇಜಿಗೆ ಹೋಗಿ ಸಾವಿರಾರು ರೂಪಾಯಿ ಸುರಿದು ಬಂದವರೂ ಉಂಟು. ಇಷ್ಟರ ನಡುವೆ ಟಯರಿನ ಹೆಸರೆತ್ತುವವರು ಮಾತ್ರ ಅಪರೂಪ. ಕಾರಿನಲ್ಲಿರುವ ಸ್ಪ್ರಿಂಗುಗಳ ಪೈಕಿ ರಸ್ತೆಯನ್ನು ಮೊದಲು ಮುಟ್ಟುವುದು ಟಯರಿನೊಳಗಿನ ಗಾಳಿ. ಅದನ್ನು ವಿಚಾರಿಸದೆ ಮೇಲಿನ ಕಬ್ಬಿಣದ ಸ್ಪ್ರಿಂಗನ್ನು ದೂರುವುದು ಸರಿಯಲ್ಲ ಎಂಬುದು ನನ್ನ ವಾದ.

ಗಾಳಿ ತುಂಬಿದ ಟಯರು ಬೆಳೆದು ಬಂದದ್ದೇ ಕುಲುಕಾಟ ತಪ್ಪಿಸುವ ಆಸೆಯಿಂದ. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಅದಕ್ಕೆ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬರದೆ ಮರೆತುಹೋಗಿತ್ತು. ನಲವತ್ತು ವರ್ಷ ಕಳೆದ ಮೇಲೆ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿ ಕೊಟ್ಟ. 1888ರಲ್ಲಿ ಪೇಟೆಂಟ್ ಮಾಡಿಸಿಕೊಂಡ. ಅಲ್ಲಿಯವರೆಗೆ ಚಕ್ರಕ್ಕೆ ಇದ್ದುದು ಗಟ್ಟಿ ರಬ್ಬರು ಅಥವಾ ಕಬ್ಬಿಣದ ಪಟ್ಟಿ.

ಕಾರಿನ ಭಾರವನ್ನು ಹೊರುವುದು ಹೆಚ್ಚಿನಂಶ ಈ ಗಾಳಿಯೇ, ರಬ್ಬರಲ್ಲ. ಲೆಕ್ಕ ಹಾಕಿ ನೋಡೋಣ. ಒಂದು ಸಾವಿರ ಕಿಲೋ ತೂಗುವ ಕಾರು ಎಂದರೆ ಒಂದೊಂದು ಚಕ್ರದ ಮೇಲೆ ಹತ್ತಿರ ಹತ್ತಿರ 250 ಕಿಲೋ. ಗಾಳಿಯ ಒತ್ತಡವನ್ನು ಅಳೆಯುವುದು ಪಿಎಸ್‌ಐಯಲ್ಲಿ, ಅಂದರೆ ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಎಂದು. ಟಯರಿನಲ್ಲಿ 33 ಪಿಎಸ್‌ಐ ಗಾಳಿ ಇದ್ದರೆ ಒಂದು ಚದರ ಸೆಂಟಿಮೀಟರಿನ ಮೇಲೆ 2.3 ಕಿಲೋದಷ್ಟು ಒತ್ತಡ. ಭಾಗಿಸಿದರೆ ಸುಮಾರು 108 ಚದರ ಸೆಂಟಿಮೀಟರ್ ಬರುತ್ತದೆ. ಒಂದು ಅಂಗೈಯಗಲ ಎನ್ನಿ. ಅಷ್ಟು ಜಾಗ ಮಾತ್ರ ರಸ್ತೆಗೆ ತಾಗಿಕೊಂಡಿರುತ್ತದೆ. ಗಾಳಿ ಕಡಿಮೆಯಾದರೆ ಟಯರು ಅಪ್ಪಚ್ಚಿಯಾಗಿ ಆ ಜಾಗ ಹಿಗ್ಗುತ್ತದೆ, ಹೆಚ್ಚಾದರೆ ಕುಗ್ಗುತ್ತದೆ.

ಗಾಳಿ ಹೆಚ್ಚಾದ ಟಯರು ಬಗ್ಗುವುದಿಲ್ಲ. ರಸ್ತೆಯ ಮೇಲಿನ ಜಲ್ಲಿ, ಡಾಮರಿನ ತೇಪೆ, ಸೇತುವೆಯ ಕೀಲು, ಇವೆಲ್ಲವೂ ಸೋಸದೆ ನೇರವಾಗಿ ಬೆನ್ನಿಗೆ ಬರುತ್ತವೆ. ಹಾಗಾದರೆ ಗಾಳಿ ಇಳಿಸಿದರೆ ಸುಖವಲ್ಲವೇ ಎಂದು ಕೇಳಬಹುದು. ಸ್ವಲ್ಪ ಮೆತ್ತಗಾಗುತ್ತದೆ, ನಿಜ. ಆದರೆ ಆ ಸುಖಕ್ಕೆ ತೆರುವ ಬೆಲೆ ದೊಡ್ಡದು. ಟಯರಿನ ಪಕ್ಕೆ ಪ್ರತಿ ಸುತ್ತಿಗೂ ಬಗ್ಗಿ ಬಗ್ಗಿ ಬಿಸಿಯಾಗುತ್ತದೆ, ಎರಡೂ ಅಂಚು ಬೇಗ ಸವೆಯುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ತಿರುವಿನಲ್ಲಿ ಕಾರು ತೇಲಿದಂತಾಗುತ್ತದೆ. ಹೆದ್ದಾರಿ 66ರಲ್ಲಿ ಬೇಸಗೆಯ ಮಧ್ಯಾಹ್ನ ನೂರರ ವೇಗದಲ್ಲಿ ಹೋಗುವಾಗ ಟಯರು ಒಡೆದರೆ ಅದಕ್ಕೆ ಒಂದು ಮುಖ್ಯ ಕಾರಣ ಈ ಬಿಸಿಯೇ. ಮಳೆಯಲ್ಲಿ ಇನ್ನೊಂದು ಅಪಾಯ: ಗಾಳಿ ಕಡಿಮೆಯಿದ್ದ ಟಯರು ನಿಂತ ನೀರನ್ನು ಸೀಳಲಾರದೆ ಅದರ ಮೇಲೆ ಜಾರುತ್ತದೆ.

ಎಷ್ಟು ಗಾಳಿ ಬೇಕು ಎಂಬುದನ್ನು ಪಂಚರ್ ಅಂಗಡಿಯ ಹುಡುಗನಲ್ಲಿ ಕೇಳಬೇಕಾಗಿಲ್ಲ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಅದು ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ. ಹೆಚ್ಚಿನ ಸಣ್ಣ ಕಾರುಗಳಿಗೆ ಅದರಲ್ಲಿ ಕಾಣುವ ಅಂಕಿ 30ರಿಂದ 36ರ ಒಳಗೆ. ಟಯರಿನ ಪಕ್ಕೆಯ ಮೇಲೆ 44 ಅಥವಾ 51 ಪಿಎಸ್‌ಐ ಎಂದು ಅಚ್ಚೊತ್ತಿದ್ದನ್ನು ನೋಡಿ ಅಷ್ಟನ್ನೂ ತುಂಬಿಸುವವರಿದ್ದಾರೆ. ಅದು ಟಯರಿನ ಗರಿಷ್ಠ ಮಿತಿಯೇ ಹೊರತು ನಿಮ್ಮ ಕಾರಿಗೆ ಹೇಳಿದ ಅಳತೆಯಲ್ಲ. ಚೀಟಿಯಲ್ಲಿ ಎರಡು ಸಾಲು ಇದ್ದರೆ ಒಂದು ಇಬ್ಬರು ಮೂವರು ಕುಳಿತಾಗಿನದು, ಇನ್ನೊಂದು ಕಾರು ತುಂಬಿದಾಗಿನದು. ಡಿಕ್ಕಿಯಲ್ಲಿ ಅಡಿಕೆ ಗೋಣಿ ಹೇರಿಕೊಂಡು ಹೋಗುವ ನಮ್ಮ ಕೃಷಿಕರು ಈ ಎರಡನೆಯ ಸಾಲನ್ನು ಓದಬೇಕು.

ಗಾಳಿ ನೋಡಬೇಕಾದದ್ದು ಟಯರು ತಣ್ಣಗಿರುವಾಗ. ಕಾಸರಗೋಡಿನಿಂದ ಮಂಗಳೂರು ತಲಪುವಷ್ಟರಲ್ಲಿ ಒಳಗಿನ ಗಾಳಿ ಕಾದು ಒತ್ತಡ ಮೂರು ನಾಲ್ಕು ಪಿಎಸ್‌ಐ ಏರಿರುತ್ತದೆ. ಅಲ್ಲಿ ಅಳೆದು, ಹೆಚ್ಚಾಯಿತು ಎಂದು ಗಾಳಿಯನ್ನು ಹೊರಗೆ ಬಿಟ್ಟರೆ ಮರುದಿನ ಬೆಳಗ್ಗೆ ಟಯರು ಬಡವಾಗಿರುತ್ತದೆ. ಬಂಕಿನಲ್ಲಿ ಗಾಳಿ ಅಳೆಯುವ ಗೇಜನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಂದೇ ಟಯರಿಗೆ ಎರಡು ಬಂಕಿನಲ್ಲಿ ಎರಡು ಅಂಕಿ ಬರುವುದು ಹೊಸತೇನಲ್ಲ. ಪೆನ್ನಿನಷ್ಟು ಉದ್ದದ ಸ್ವಂತ ಗೇಜು ಕಾರಿನಲ್ಲಿರಲಿ. ವಾಲ್ವಿನ ಕ್ಯಾಪ್ ತೆಗೆದು ಗೇಜಿನ ಬಾಯಿಯನ್ನು ನೆಟ್ಟಗೆ ಒತ್ತಬೇಕು. ಓರೆಯಾದರೆ ಸುಸ್ಸೆಂದು ಗಾಳಿ ಹೋಗುತ್ತದೆ, ಅಂಕಿಯೂ ಸುಳ್ಳಾಗುತ್ತದೆ. ಗೇಜು ತೆಗೆದ ಮೇಲೆ ಬೆರಳಿಗೆ ಎಂಜಲು ಮಾಡಿ ವಾಲ್ವಿನ ತುದಿಗೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಒಳಗಿನ ಪಿನ್ನು ಸೋರುತ್ತಿದೆ ಎಂದರ್ಥ. ನೈಟ್ರೋಜನ್ ತುಂಬಿಸಬೇಕೇ ಎಂದು ಹಲವರು ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಪುಕ್ಕಟೆ ಸಿಕ್ಕಿದರೆ ತುಂಬಿಸಿಕೊಳ್ಳಿ.

ನಮ್ಮ ಜಿಲ್ಲೆಗೇ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಮನೆಯ ಯಜಮಾನ ಗಲ್ಫಿನಲ್ಲಿ, ಕಾರು ಶೆಡ್ಡಿನಲ್ಲಿ: ಇದು ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಎಷ್ಟೋ ಮನೆಗಳ ಸ್ಥಿತಿ. ಓಡಿಸಿದರೂ ಓಡಿಸದಿದ್ದರೂ ಟಯರಿನಿಂದ ತಿಂಗಳಿಗೆ ಒಂದು ಪಿಎಸ್‌ಐಯಷ್ಟು ಗಾಳಿ ತಾನಾಗಿ ಇಳಿಯುತ್ತದೆ. 33 ಇದ್ದದ್ದು ಆರೇಳು ತಿಂಗಳಲ್ಲಿ 26ಕ್ಕೆ ಬಂದಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ರಜೆಗೆ ಬಂದವರನ್ನು ಕರೆತರಲು ಅದೇ ಕಾರು ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಡುತ್ತದೆ. ಬರುವಾಗ ಐದು ಜನ, ಡಿಕ್ಕಿ ತುಂಬ ಪೆಟ್ಟಿಗೆ. ಭಾರ ಹೆಚ್ಚಾಗಬೇಕಾದ ದಿನವೇ ಗಾಳಿ ಕಡಿಮೆ. ಜೊತೆಗೆ, ಬಹುಕಾಲ ಒಂದೇ ಕಡೆ ನಿಂತ ಟಯರಿನ ತಳ ಚಪ್ಪಟೆಯಾಗಿ ಮೊದಲ ಕೆಲವು ಕಿಲೋಮೀಟರ್ ಸ್ಟಿಯರಿಂಗ್ ನಡುಗುತ್ತದೆ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಟಯರು ಬದಲಾಯಿಸುವ ಕಾಲ ಬಂದಿದೆ. ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಗುರುತು ಹುಡುಕಿ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಟಯರು ನೋಡಲು ಹೊಸದರಂತೆಯೇ ಇರುತ್ತದೆ, ಆದರೆ ವಯಸ್ಸಾದ ರಬ್ಬರು ಗಟ್ಟಿಯಾಗಿ ಕಾರು ಕಟಕಟ ಎನ್ನತೊಡಗುತ್ತದೆ.

ಇನ್ನು ಅಳತೆಯ ವಿಷಯ. 185/65 ಆರ್ 15 ಎಂದು ಬರೆದಿದೆ ಎಂದುಕೊಳ್ಳಿ. 185 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು, ಅಂದರೆ 120 ಮಿಲಿಮೀಟರ್. 15 ಎಂದರೆ ರಿಮ್ಮಿನ, ಅಂದರೆ ಟಯರು ಕೂರುವ ಲೋಹದ ಚಕ್ರದ ವ್ಯಾಸ, ಇಂಚಿನಲ್ಲಿ. ಪ್ರಯಾಣದ ಹಿತವೆಲ್ಲ ಅಡಗಿರುವುದು ನಡುವಿನ ಆ ಅಂಕಿಯಲ್ಲಿ. ಚಂದ ಕಾಣುತ್ತದೆ ಎಂದು 17 ಇಂಚಿನ ಅಲಾಯ್ ಚಕ್ರ ಹಾಕಿಸಿ, ಅದಕ್ಕೆ 205/45ರ ಟಯರು ತೊಡಿಸಿದರೆ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಸ್ಪೀಡೋಮೀಟರೂ ಹೆಚ್ಚು ಸುಳ್ಳು ಹೇಳುವುದಿಲ್ಲ. ಆದರೆ ಪಕ್ಕೆ 120ರಿಂದ 92 ಮಿಲಿಮೀಟರಿಗೆ ಇಳಿಯಿತು. ಬಗ್ಗಲು ಜಾಗವೇ ಇಲ್ಲ. ದೊಡ್ಡ ಚಕ್ರದ ತೂಕವೂ ಸಾಮಾನ್ಯವಾಗಿ ಹೆಚ್ಚು. ಆ ತೂಕ ಸ್ಪ್ರಿಂಗಿನ ಕೆಳಗೆ ಇರುವುದರಿಂದ ಹೊಂಡಕ್ಕೆ ಬಿದ್ದಾಗಲೆಲ್ಲ ಏಟು ಜೋರು.

ನಮ್ಮ ಒಳರಸ್ತೆಗಳ ಅಂಚನ್ನು ಒಮ್ಮೆ ನೆನಪಿಸಿಕೊಳ್ಳಿ. ಮಳೆಗೆ ಕೆಂಪು ಮಣ್ಣು ಕೊಚ್ಚಿಹೋಗಿ ಡಾಮರಿನ ಬದಿ ಗೇಣುದ್ದ ಎದ್ದು ನಿಂತಿರುತ್ತದೆ. ಎದುರಿನಿಂದ ಬಸ್ ಬಂತೆಂದು ಎಡಚಕ್ರ ಕೆಳಗಿಳಿಸಿ, ಮತ್ತೆ ಮೇಲೇರಿಸುವಾಗ ಆ ಅಂಚು ಟಯರಿನ ಪಕ್ಕೆಯನ್ನು ರಿಮ್ಮಿಗೆ ಒತ್ತಿ ಹಿಂಡುತ್ತದೆ. ಎತ್ತರದ ಪಕ್ಕೆಯಾದರೆ ಮಡಚಿ ಬಿಡಿಸಿಕೊಳ್ಳುತ್ತದೆ. ಗಿಡ್ಡ ಪಕ್ಕೆಯಾದರೆ ಒಳಗಿನ ನೂಲು ಕಡಿದು, ಹೊರಗೆ ಲಿಂಬೆ ಗಾತ್ರದ ಉಬ್ಬು ಏಳುತ್ತದೆ. ಆ ಉಬ್ಬಿಗೆ ತೇಪೆಯಿಲ್ಲ, ಟಯರು ಎಸೆಯಬೇಕು. ಆದ್ದರಿಂದ ಶೋರೂಮಿನಲ್ಲಿ ಒಂದೇ ಕಾರಿನ ಕೆಳದರ್ಜೆಯ ಮಾದರಿಗೆ 14 ಇಂಚು, ಮೇಲ್ದರ್ಜೆಯದಕ್ಕೆ 16 ಇಂಚು ಚಕ್ರ ಎಂದಾಗ ಹೆಚ್ಚು ಹಣ ಕೊಟ್ಟವನಿಗೆ ಹೆಚ್ಚು ಸುಖ ಎಂದು ಎಣಿಸಬೇಡಿ. ಬದಿಯಡ್ಕದ ರಸ್ತೆಯಲ್ಲಿ ನನ್ನ ಮತ ಸಣ್ಣ ರಿಮ್ಮಿಗೆ.

ಇಷ್ಟು ಸರಿ ಮಾಡಿಯೂ ಕಾರು ಕುಲುಕುತ್ತಿದ್ದರೆ ಕುಲುಕುವ ಬಗೆಯನ್ನು ಗಮನಿಸಿ. ಹಂಪ್ ದಾಟಿದ ಮೇಲೂ ಕಾರು ಎರಡು ಮೂರು ಸಲ ಮೇಲೆ ಕೆಳಗೆ ತೂಗುತ್ತಿದ್ದರೆ ಅದು ಶಾಕ್ ಅಬ್ಸಾರ್ಬರಿನ ದೋಷ, ಗ್ಯಾರೇಜಿಗೆ ಹೋಗಬೇಕು. ಸಣ್ಣ ಕಲ್ಲು, ತೇಪೆಗಳ ಮೇಲೆ ಮಾತ್ರ ಕಟಕಟ ಬಡಿಯುತ್ತಿದ್ದರೆ ಮೊದಲು ಗೇಜು ಹಿಡಿಯಿರಿ.

ನಾಲ್ಕು ಚಕ್ರ ನೋಡಿದವರು ಡಿಕ್ಕಿಯೊಳಗಿನ ಸ್ಟೆಪ್ನಿಯನ್ನೂ ನೋಡಿ. ಈಗಿನ ಹಲವು ಕಾರುಗಳಲ್ಲಿ ಅದರ ಅಳತೆ ಬೇರೆ, ಗಂಟೆಗೆ 80 ಕಿಲೋಮೀಟರ್ ಮೀರಬಾರದು ಎಂಬ ಎಚ್ಚರಿಕೆಯೂ ಅದರ ಮೇಲೆಯೇ ಅಂಟಿಸಿರುತ್ತದೆ. ಅದಕ್ಕೆ ಬೇಕಾದ ಗಾಳಿಯೂ ಬೇರೆಯಾಗಿರಬಹುದು, ಚೀಟಿಯಲ್ಲಿ ಓದಿಕೊಳ್ಳಿ.

ನಮಸ್ಕಾರ.