ಕಾರ್ಬನ್ ಮಾನಾಕ್ಸೈಡ್ ಮತ್ತು ಮಿದುಳಿಗೆ ತಡವಾಗಿ ತಟ್ಟುವ ಹಾನಿ

ಕೇಳುಗರಿಗೆ ನಮಸ್ಕಾರ.

ಕಕ್ಕಡದ ಮಳೆ ಹಿಡಿದಾಗ ಕೊಡಗಿನ ಮನೆಗಳಲ್ಲಿ ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಅಗ್ಗಿಷ್ಟಿಕೆಗೆ ಇದ್ದಿಲು ಹಾಕಿ ಮಲಗುವುದುಂಟು. ಕರೆಂಟು ಹೋದರೆ ಮನೆಯೊಳಗೇ ಜನರೇಟರ್ ಓಡಿಸುವವರೂ ಇದ್ದಾರೆ. ಇವುಗಳಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ಗೆ ಈ ವ್ಯತ್ಯಾಸ ತಿಳಿಯುವುದಿಲ್ಲ; ಅಪಾಯದಲ್ಲಿರುವವರಿಗೂ ಅದು 98 ಎಂದು ತೋರಿಸಿಬಿಡಬಹುದು.

ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ರಕ್ತದಲ್ಲಿ ಸೇರಿದ ಅನಿಲದ ಅರ್ಧಭಾಗ ಸುಮಾರು ಒಂದು ಒಂದೂವರೆ ಗಂಟೆಯಲ್ಲಿ ಹೊರಹೋಗುತ್ತದೆ. ರೋಗಿ ಎದ್ದು ಮಾತನಾಡುತ್ತಾರೆ, ಮನೆಗೆ ಮರಳುತ್ತಾರೆ. ಆದರೆ ಕೆಲವರಲ್ಲಿ, ಎಲ್ಲರಲ್ಲಿ ಅಲ್ಲ, ಕೆಲವು ದಿನಗಳಿಂದ ಐದಾರು ವಾರಗಳೊಳಗೆ ಇನ್ನೊಂದು ಕಾಯಿಲೆ ತಲೆಯೆತ್ತುತ್ತದೆ. ಕೈಗೆ ಕಾಫಿ ಲೋಟ ಕೊಟ್ಟರೆ ಕುಡಿಯುವುದನ್ನೇ ಮರೆತು ಹಿಡಿದು ಕೂರುತ್ತಾರೆ. ಹೆಜ್ಜೆ ಎತ್ತದೆ ಕಾಲೆಳೆಯುತ್ತಾರೆ. ಬಟ್ಟೆಯಲ್ಲೇ ಮೂತ್ರ ಹೋದರೂ ಪರಿವೆ ಇರುವುದಿಲ್ಲ. ವಯಸ್ಸಾದವರಾದರೆ ಮನೆಯವರು ಇದನ್ನು ಅರಳುಮರಳು ಎಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಇದೇ.

ಇಲ್ಲಿ ಮಿದುಳಿನ ಚಿತ್ರಣ ನೆರವಿಗೆ ಬರುತ್ತದೆ. ಮೊದಲ ದಿನದ ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣದಿರುವುದು ಸಾಮಾನ್ಯ. ಎಂಆರ್‌ಐನಲ್ಲಿ ಮಿದುಳಿನ ಆಳದಲ್ಲಿ, ಎಡಬಲ ಎರಡೂ ಕಡೆಯ ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗದಲ್ಲಿ ಜೋಡಿ ಕಲೆಗಳು ಕಾಣಬಹುದು. ಈ ವಿಷದ ಗುರುತೆಂದು ವೈದ್ಯರು ಮೊದಲು ಹುಡುಕುವುದು ಇದನ್ನೇ. ಆದರೂ ಕಲೆಯಿದ್ದವರೆಲ್ಲ ಹಾಸಿಗೆ ಹಿಡಿಯುವುದಿಲ್ಲ, ಕಲೆಯಿಲ್ಲದವರೆಲ್ಲ ಪಾರಾಗುವುದೂ ಇಲ್ಲ. ತಡವಾಗಿ ಬರುವ ತೊಂದರೆಗೆ ಹೆಚ್ಚು ನಂಟಿರುವುದು ಬಿಳಿ ದ್ರವ್ಯಕ್ಕೆ, ಅಂದರೆ ನರತಂತುಗಳು ಮಯಲಿನ್ ಎಂಬ ಕೊಬ್ಬಿನ ಹೊದಿಕೆಯೊಳಗೆ ಸಾಗುವ ಪ್ರದೇಶಕ್ಕೆ. ಆ ಹೊದಿಕೆ ನಿಧಾನವಾಗಿ ಕಳಚುವುದರಿಂದ ಲಕ್ಷಣಗಳೂ ತಡವಾಗಿ ಬರುತ್ತವೆ ಎಂದು ಭಾವಿಸಲಾಗಿದೆ.

ನೀರಿನ ಕಣಗಳು ನರತಂತುವಿನ ಉದ್ದಕ್ಕೆ ಸಲೀಸಾಗಿ ಚಲಿಸುತ್ತವೆ, ಅಡ್ಡಕ್ಕೆ ಅಷ್ಟಾಗಿ ಚಲಿಸಲಾರವು. ಡಿಫ್ಯೂಷನ್ ಟೆನ್ಸರ್ ಎಂಬ ಎಂಆರ್‌ಐ ವಿಧಾನ ಈ ದಿಕ್ಕಿನ ಒಲವನ್ನು ಅಳೆಯುತ್ತದೆ. ತಂತುಗಳು ಹಾಳಾದಾಗ ಅಳತೆ ಇಳಿಯುತ್ತದೆ, ಕಣ್ಣಿಗೆ ಸಹಜವಾಗಿ ತೋರುವ ಚಿತ್ರದಲ್ಲೂ ಹಾನಿಯ ಸುಳಿವು ಸಿಗಬಹುದು. ಮಿದುಳಿನ ರಾಸಾಯನಿಕಗಳನ್ನು ಅಳೆಯುವ ಸ್ಪೆಕ್ಟ್ರೋಸ್ಕೋಪಿ ಎಂಬ ಇನ್ನೊಂದು ಎಂಆರ್‌ಐ ವಿಧಾನದಲ್ಲಿ ನರಕೋಶಗಳ ಆರೋಗ್ಯ ಸೂಚಿಸುವ ಎನ್‌ಎಎ ಎಂಬ ರಾಸಾಯನಿಕ ತಗ್ಗಿ, ಪೊರೆಗಳ ಒಡೆತ ಸೂಚಿಸುವ ಕೋಲೀನ್ ಏರುತ್ತದೆ.

ಹೀಗಾಗಿ ಒಂದೇ ಚಿತ್ರಕ್ಕಿಂತ ಕೆಲವು ವಾರಗಳ ಅಂತರದ ಎರಡು ಚಿತ್ರಗಳ ಹೋಲಿಕೆಗೆ ಬೆಲೆ ಹೆಚ್ಚು. ಪ್ರತಿಯೊಬ್ಬರೂ ಅದಕ್ಕಾಗಿ ಘಟ್ಟ ಇಳಿದು ಮಂಗಳೂರಿಗೋ ಮೈಸೂರಿಗೋ ಅಲೆಯಬೇಕಿಲ್ಲ. ಪ್ರಜ್ಞೆ ತಪ್ಪಿದ್ದವರು, ವಯಸ್ಸಾದವರು, ರಾತ್ರಿಯಿಡೀ ಆ ಗಾಳಿಯಲ್ಲೇ ಮಲಗಿದ್ದವರು ತಮ್ಮ ವೈದ್ಯರನ್ನು ಕೇಳಿ ತೀರ್ಮಾನಿಸಲಿ, ಹೋಗುವಾಗ ಹಳೆಯ ಫಿಲ್ಮನ್ನೂ ಒಯ್ಯಲಿ. ಅನೇಕರು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಬಿಳಿ ದ್ರವ್ಯದ ಬದಲಾವಣೆ ಮಾಸಿದ ಮೇಲೂ ಗ್ಲೋಬಸ್ ಪ್ಯಾಲಿಡಸ್‌ನ ಕಲೆ ಉಳಿಯಬಹುದಾದ್ದರಿಂದ, ವೈದ್ಯರು ಚಿತ್ರದೊಂದಿಗೆ ನಡಿಗೆಯನ್ನೂ ನೆನಪನ್ನೂ ಪರೀಕ್ಷಿಸಿಯೇ ಗುಣವನ್ನು ಅಳೆಯುತ್ತಾರೆ. ನಮಸ್ಕಾರ.